ಮಾತಂಗ ಬೆಟ್ಟದಲ್ಲಿ ಹತ್ತು ಫ್ರೇಮು: ಪನೋರಮಾ ಬಗ್ಗೆ ನಂಬಿದ್ದು, ನಿಜ ಇದ್ದದ್ದು

ಹಲವು ಫೋಟೋ ಜೋಡಿಸಿ ಮಾಡಿದ ಉದ್ದನೆಯ ಪನೋರಮಾ ಗೋಡೆಗೆ ಹಾಕಿದರೆ ಸಾಕು, ನೋಡಿದವರಲ್ಲಿ ಒಬ್ಬರಾದರೂ ‘ಇದು ಫೋಟೋ ಅಲ್ಲ ಬಿಡಿ, ಕಂಪ್ಯೂಟರ್ ಕರಾಮತ್ತು’ ಎಂದು ರಾಗ ಎಳೆಯುತ್ತಾರೆ. ಕಂಪ್ಯೂಟರಿನ ಹೆಸರೇ ಇಲ್ಲದ ಕಾಲದಲ್ಲಿ ಈ ಕೆಲಸ ನಡೆದಿದೆ, ಅದೂ ನಮ್ಮ ಮಗ್ಗುಲಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಲಿನಿಯಸ್ ಟ್ರೈಪ್ 1854ರ ಕೊನೆಗೆ ಬೇಲೂರು, ಹಳೇಬೀಡುಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿದವನು. 1858ರಲ್ಲಿ ಅವನು ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದಲ್ಲಿ ಕೆತ್ತಿರುವ ಶಾಸನಗಳನ್ನು ತುಣುಕು ತುಣುಕಾಗಿ ತೆಗೆದು, 21 ಪ್ರಿಂಟುಗಳನ್ನು ಅಂಚಿಗೆ ಅಂಚು ಕೂಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರ ಮಾಡಿದ. ಇಪ್ಪತ್ತು ವರ್ಷದ ನಂತರ, 1878ರಲ್ಲಿ, ಎಡ್ವರ್ಡ್ ಮೈಬ್ರಿಜ್ ಸ್ಯಾನ್ ಫ್ರಾನ್ಸಿಸ್ಕೋದ ಎತ್ತರದ ಜಾಗವೊಂದರಲ್ಲಿ ನಿಂತು 13 ಪ್ಲೇಟುಗಳಲ್ಲಿ ಊರನ್ನು ಸುತ್ತಲೂ ಹಿಡಿದ.

ಇಬ್ಬರದೂ ಜೋಡಿಸಿದ ಚಿತ್ರವೇ, ಆದರೆ ವಿಧಾನ ಬೇರೆ. ಟ್ರೈಪ್ ಗೋಡೆಯ ಉದ್ದಕ್ಕೂ ಕ್ಯಾಮೆರಾ ಸರಿಸಿಕೊಂಡು ಹೋದ. ಗೋಡೆ ಚಪ್ಪಟೆ, ಹಿಂದೆ ಮುಂದೆ ಎಂಬುದಿಲ್ಲ, ಆದ್ದರಿಂದ ಅದು ನಡೆಯಿತು. ಮೈಬ್ರಿಜ್ ನಿಂತಲ್ಲೇ ತಿರುಗಿದ. ಬೆಟ್ಟ, ಬಯಲು, ಹೊಳೆಯ ನೋಟಕ್ಕೆ ಬೇಕಾದದ್ದು ಈ ಎರಡನೆಯ ದಾರಿ. ಇಂದಿಗೂ ಹೊಸಬರು ಒಂದು ಫ್ರೇಮ್ ತೆಗೆದು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೊಂದು ತೆಗೆಯುತ್ತಾರೆ. ಆಮೇಲೆ ಸಾಫ್ಟ್‌ವೇರ್ ಸರಿಯಿಲ್ಲ ಎಂದು ಬೈಯುತ್ತಾರೆ.

ಯಾಕೆ ಕೆಡುತ್ತದೆ ಎನ್ನುವುದನ್ನು ಕೂತಲ್ಲೇ ನೋಡಬಹುದು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಗೇಣು ದೂರದಲ್ಲಿ ಹಿಡಿದು ತಲೆಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿ. ಬೆರಳು ಹಿಂದಿನ ಕಿಟಕಿಯ ಸರಳಿನ ಮೇಲೆ ಆಚೀಚೆ ಜಾರುತ್ತದೆ. ತಲೆ ತಿರುಗುವುದು ಕತ್ತಿನ ಮೇಲೆ, ಕಣ್ಣಿರುವುದು ಅದಕ್ಕಿಂತ ಮುಂದೆ. ಹಾಗಾಗಿ ತಿರುಗುವಾಗಲೆಲ್ಲ ಕಣ್ಣು ಜಾಗ ಬದಲಿಸುತ್ತದೆ. ಇದೇ ಪ್ಯಾರಲಾಕ್ಸ್. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ತಿರುಗಿಸಿದಾಗಲೂ ಆಗುವುದು ಇಷ್ಟೇ.

ಇಲ್ಲಿಂದ ಎರಡು ತದ್ವಿರುದ್ಧ ನಂಬಿಕೆಗಳು ಹುಟ್ಟಿವೆ. ‘ಸಾವಿರಾರು ರೂಪಾಯಿಯ ಪನೋರಮಾ ಹೆಡ್ ಇಲ್ಲದೆ ಪನೋರಮಾ ಆಗದು’ ಎನ್ನುವವರು ಒಂದು ಕಡೆ, ‘ಟ್ರೈಪಾಡ್ ಇದ್ದರೆ ಮುಗಿಯಿತು’ ಎನ್ನುವವರು ಇನ್ನೊಂದು ಕಡೆ. ಲೆಕ್ಕ ಹಾಕಿದರೆ ಇಬ್ಬರೂ ತಪ್ಪು. ಹಂಪಿಯ ಮಾತಂಗ ಬೆಟ್ಟದ ತುದಿಯಲ್ಲಿ ನಿಂತಿದ್ದೀರಿ ಎನ್ನಿ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸು. ತಿರುಗುವ ಅಕ್ಷಕ್ಕಿಂತ ಲೆನ್ಸು 10 ಸೆಂ.ಮೀ. ಮುಂದಿದ್ದರೆ, 20 ಡಿಗ್ರಿ ತಿರುಗಿಸಿದಾಗ ಅದರ ‘ಕಣ್ಣು’ ಮೂರೂವರೆ ಸೆಂ.ಮೀ.ನಷ್ಟು ಸರಿಯುತ್ತದೆ. ಅರ್ಧ ಕಿಲೋಮೀಟರ್ ದೂರದ ಗೋಪುರದಲ್ಲಿ ಇದರಿಂದಾಗುವ ವ್ಯತ್ಯಾಸ ಸುಮಾರು ಅರ್ಧ ಪಿಕ್ಸೆಲ್, ಇಲ್ಲವೆಂದೇ ಅನ್ನಬಹುದು. ಆದರೆ ಕಾಲಬುಡದಲ್ಲಿ ಒಂದು ಮೀಟರ್ ದೂರದ ಬಂಡೆ ಫ್ರೇಮಿನೊಳಗೆ ಬಂದಿದ್ದರೆ ಅಲ್ಲಿ ಸುಮಾರು 300 ಪಿಕ್ಸೆಲ್! ಆ ಬಂಡೆಯ ಬಿರುಕು ಎರಡು ಫ್ರೇಮುಗಳ ನಡುವೆ ಕೂಡುವುದೇ ಇಲ್ಲ, ಯಾವ ಸಾಫ್ಟ್‌ವೇರ್ ತಂದರೂ.

ಅಂದರೆ ದೂರದ ನೋಟ ಮಾತ್ರ ಇದ್ದರೆ, ಬೆಳಕು ಚೆನ್ನಾಗಿದ್ದರೆ, ಕೈಯಲ್ಲೇ ಹಿಡಿದು ತೆಗೆಯಿರಿ, ಏನೂ ಆಗದು. ಹತ್ತಿರದ ಬಂಡೆ, ಮಂಟಪದ ಕಂಬ ಚಿತ್ರದಲ್ಲಿ ಬೇಕೇ ಬೇಕೆಂದರೆ ಆಗ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಕೂರಿಸುವ ಹಳಿ ಬೇಕು. ಎಷ್ಟು ಹಿಂದಕ್ಕೆ? ನೋಡಲ್ ಪಾಯಿಂಟ್ ಎಂದು ಎಲ್ಲರೂ ಕರೆಯುವ ಜಾಗ ತಿರುಗುವ ಅಕ್ಷದ ಮೇಲೆ ಬರುವಷ್ಟು. ಆ ಜಾಗ, ಲೆನ್ಸಿನ ಮುಂದಿನಿಂದ ಇಣುಕಿದರೆ ಅಪರ್ಚರ್ ಎಲ್ಲಿದ್ದಂತೆ ಕಾಣುತ್ತದೋ ಅಲ್ಲಿರುತ್ತದೆ. ಮನೆಯ ಕಿಟಕಿ ಸರಳನ್ನೂ ಬೀದಿಯ ವಿದ್ಯುತ್ ಕಂಬವನ್ನೂ ಒಂದರ ಹಿಂದೆ ಒಂದು ಬರುವಂತೆ ನಿಲ್ಲಿಸಿಕೊಂಡು ಕ್ಯಾಮೆರಾ ತಿರುಗಿಸಿ. ಫ್ರೇಮಿನ ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ಅವೆರಡು ಬೇರೆಯಾಗದೆ ಉಳಿಯುವ ತನಕ ಹಿಂದೆ ಮುಂದೆ ಸರಿಸಿ, ಹಳಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಬಿಡಿ. ಝೂಮ್ ಬದಲಾದರೆ ಗುರುತೂ ಬದಲು.

‘ಅಗಲ ನೋಟಕ್ಕೆ ವೈಡ್ ಆ್ಯಂಗಲ್ ಲೆನ್ಸ್’ ಎಂಬುದು ಮೇಲ್ನೋಟಕ್ಕೆ ಸರಿ ಎನಿಸುವ ಮಾತು. ಜೋಡಿಸುವುದೇ ಆದಮೇಲೆ ವೈಡ್ ಯಾಕೆ? ದೂರದ ಬೆಟ್ಟಗಳನ್ನು ಅದು ಇರುವೆಗೂಡಿನಷ್ಟು ಮಾಡುತ್ತದೆ, ಅಂಚುಗಳನ್ನು ಎಳೆದಾಡುತ್ತದೆ. 50 ಮಿ.ಮೀ. ಲೆನ್ಸಿನ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 27 ಡಿಗ್ರಿ, ಉದ್ದಕ್ಕೆ ಸುಮಾರು 40 ಡಿಗ್ರಿ ಸಿಗುತ್ತದೆ. ಒಂದರ ಮೇಲೊಂದು ಶೇ 30ರಷ್ಟು ಓವರ್‌ಲ್ಯಾಪ್ ಇಟ್ಟರೆ ಹತ್ತು ಫ್ರೇಮಿಗೆ ಅರ್ಧ ವೃತ್ತ ಮುಗಿದು, ಅಂಚು ಕತ್ತರಿಸಲು ಸ್ವಲ್ಪ ಉಳಿಯುತ್ತದೆ. ಮಾತಂಗದಲ್ಲಾದರೆ ಪಶ್ಚಿಮದ ವಿರೂಪಾಕ್ಷ ಗೋಪುರದಿಂದ ಶುರುಮಾಡಿ, ಉತ್ತರದ ತುಂಗಭದ್ರೆ ದಾಟಿ, ಅಚ್ಯುತರಾಯ ದೇವಾಲಯದ ಮೇಲಿಂದ ಸೂರ್ಯ ಹುಟ್ಟುವ ಕಡೆಗೆ.

ಓವರ್‌ಲ್ಯಾಪ್ ಹೆಚ್ಚಿದಷ್ಟೂ ಒಳ್ಳೆಯದೆಂದು ಕೆಲವರು ಅರ್ಧಕ್ಕಿಂತ ಹೆಚ್ಚು ಇಡುತ್ತಾರೆ. ಫ್ರೇಮು ಇಮ್ಮಡಿಯಾಗುತ್ತದೆ, ಅಷ್ಟರಲ್ಲಿ ಮೋಡ ಮುಂದೆ ಹೋಗಿರುತ್ತದೆ. ಓವರ್‌ಲ್ಯಾಪಿನ ಪ್ರಮಾಣಕ್ಕಿಂತ ಅದರೊಳಗೆ ಏನಿದೆ ಎಂಬುದು ಮುಖ್ಯ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋ 1999ರಲ್ಲಿ ಪ್ರಕಟಿಸಿದ ಸಿಫ್ಟ್ ಎಂಬ ವಿಧಾನ, ಅದನ್ನು ಬಳಸಿ ಮ್ಯಾಥ್ಯೂ ಬ್ರೌನ್ ಜತೆ 2003ರಲ್ಲಿ ರೂಪಿಸಿದ ಆಟೋಸ್ಟಿಚ್, ಇವು ಬಂದಮೇಲೆ ಜೋಡಣೆ ತಾನಾಗಿ ಆಗತೊಡಗಿತು. ಎರಡು ಫ್ರೇಮುಗಳಲ್ಲೂ ಕಾಣುವ ಮೂಲೆ, ಕಲೆ, ಬಿರುಕುಗಳನ್ನು ಹುಡುಕಿ ತಾಳೆ ನೋಡುವುದೇ ಅದರ ಕಸುಬು. ಬರೀ ನೀಲಿ ಆಕಾಶದಲ್ಲಿ, ನಿಲ್ಲದೆ ಅಲುಗುವ ನೀರಿನಲ್ಲಿ ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗದು. ಪ್ರತಿ ಓವರ್‌ಲ್ಯಾಪಿನಲ್ಲೂ ಒಂದಿಷ್ಟು ನೆಲ, ಕಲ್ಲು, ಮರದ ಬೊಡ್ಡೆ ಇರಲಿ.

‘ಆಟೋ ಎಕ್ಸ್‌ಪೋಷರ್ ಇಟ್ಟರೆ ಪ್ರತಿ ಫ್ರೇಮೂ ಸರಿಯಾಗಿ ಬರುತ್ತದೆ.’ ಬಿಡಿಯಾಗಿ ಸರಿ, ಕೂಡಿಸಿದಾಗ ಪಟ್ಟೆ ಪಟ್ಟೆ. ಸೂರ್ಯನ ಕಡೆ ಕ್ಯಾಮೆರಾ ಕಪ್ಪು ಮಾಡುತ್ತದೆ, ಗೋಪುರದ ಕಡೆ ಬೆಳ್ಳಗೆ ಮಾಡುತ್ತದೆ, ಅದೇ ಆಕಾಶ ಹತ್ತು ಬಣ್ಣಕ್ಕೆ ತಿರುಗುತ್ತದೆ. ಮ್ಯಾನ್ಯುಯಲ್‌ಗೆ ಹಾಕಿ, ಅತಿ ಬೆಳಕಿನ ಕಡೆ ಮೋಡದ ವಿವರ ಉರಿದುಹೋಗದಂತೆ ಅಳತೆ ಹಿಡಿದು, ಕೊನೆಯ ಫ್ರೇಮಿನ ತನಕ ಅಪರ್ಚರ್, ಶಟರ್, ಐಎಸ್‌ಒ, ಫೋಕಸ್, ವೈಟ್ ಬ್ಯಾಲೆನ್ಸ್ ಯಾವುದನ್ನೂ ಮುಟ್ಟಬೇಡಿ. ರಾ ಫೈಲಿನಲ್ಲಿ ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. ಉಳಿದ ಸಣ್ಣ ವ್ಯತ್ಯಾಸವನ್ನು ಬ್ಲೆಂಡಿಂಗ್ ನುಂಗಿಕೊಳ್ಳುತ್ತದೆ. ಒರಟು ಛಾಯೆಗಳನ್ನು ಅಗಲವಾಗಿ, ಸಣ್ಣ ವಿವರಗಳನ್ನು ಕಿರಿದಾಗಿ ಬೆಸೆಯುವ ಬರ್ಟ್ ಮತ್ತು ಎಡೆಲ್ಸನ್ ಅವರ 1983ರ ಉಪಾಯ ಈಗಲೂ ಬಳಕೆಯಲ್ಲಿದೆ.

ಪೋಲರೈಸರ್ ಹಾಕಿದರೆ ಆಕಾಶ ಗಾಢವಾಗುತ್ತದೆಂಬ ಆಸೆ ಇದ್ದವರು ಅದನ್ನು ಬ್ಯಾಗಿನಲ್ಲೇ ಇಟ್ಟಿರಲಿ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಮಾತ್ರ ಅದರ ಪರಿಣಾಮ ಅತಿ ಹೆಚ್ಚು. ಅರ್ಧ ವೃತ್ತದ ಚಿತ್ರದಲ್ಲಿ ನಟ್ಟನಡುವೆ ಕಡುನೀಲಿ ಮಚ್ಚೆ, ಎರಡೂ ಕಡೆ ತೆಳುನೀಲಿ ಬರುತ್ತದೆ. ಇದನ್ನು ತಿದ್ದಲು ಕೂತವರ ಗೋಳು ಹೇಳತೀರದು.

‘ಮೊಬೈಲಿನಲ್ಲೂ ಪನೋರಮಾ ಆಗುತ್ತದಲ್ಲ’ ಎನ್ನುತ್ತೀರಾ? ಮೊಬೈಲು ಬೀಸುತ್ತಾ ಹೋದಂತೆ ತೆಳ್ಳನೆಯ ಸೀಳುಗಳನ್ನು ಕೂಡಿಸುತ್ತದೆ. ಚಲಿಸುವ ನಾಯಿಗೆ ಐದು ಕಾಲು ಬರುವುದು ಅದಕ್ಕೇ. ವಾಟ್ಸ್‌ಆ್ಯಪಿಗೆ ಸಾಕು.

ಇನ್ನು ‘ನೆಟ್ಟಗಿದ್ದದ್ದನ್ನು ಸಾಫ್ಟ್‌ವೇರ್ ಬಗ್ಗಿಸಿಬಿಟ್ಟಿತು’ ಎಂಬ ದೂರು. ಅಚ್ಯುತರಾಯ ದೇವಾಲಯದ ಮುಂದೆ ಹೊಳೆಯ ಕಡೆಗೆ ಹೋಗುವ ಕಂಬಸಾಲಿನ ಬೀದಿ ನೇರವಾದದ್ದು. ಪನೋರಮಾದಲ್ಲಿ ಅದು ಬಿಲ್ಲಿನಂತೆ ಬಾಗುತ್ತದೆ. ಸುತ್ತಲಿನ ನೋಟವನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕು. ಎಲ್ಲ ನೇರ ಗೆರೆಗಳನ್ನೂ ನೇರವಾಗಿಡುವ ರೆಕ್ಟಿಲಿನಿಯರ್ ಪ್ರೊಜೆಕ್ಷನ್ 120 ಡಿಗ್ರಿ ದಾಟಿದರೆ ಅಂಚನ್ನು ವಿಪರೀತ ಹಿಗ್ಗಿಸುತ್ತದೆ, 180ಕ್ಕಂತೂ ಆಗದ ಮಾತು. ಸಿಲಿಂಡ್ರಿಕಲ್‌ನಲ್ಲಿ ಗೋಪುರ, ಕಂಬ, ದಿಗಂತ ನೆಟ್ಟಗಿರುತ್ತವೆ, ದಿಗಂತದ ಕೆಳಗೆ ಮಲಗಿರುವ ಗೆರೆಗಳು ಬಾಗುತ್ತವೆ. ಭೂದೃಶ್ಯಕ್ಕೆ ಇದೇ ವಾಸಿ. ಬೀದಿಯ ಬಾಗು ಕಣ್ಣಿಗೆ ಚುಚ್ಚಿದರೆ ಅದನ್ನು ಚಿತ್ರದ ನಡುವಿಗೆ ತಂದುಕೊಂಡು ಕಡಿಮೆ ಡಿಗ್ರಿಗೆ ತೃಪ್ತಿಪಡಬೇಕು. ಉಚಿತವಾಗಿ ಸಿಗುವ ಹ್ಯೂಗಿನ್ ಎಂಬ ಸಾಫ್ಟ್‌ವೇರಿನಲ್ಲಿ ಎರಡನ್ನೂ ಕ್ಷಣದಲ್ಲಿ ಬದಲಿಸಿ ನೋಡಬಹುದು.

ಕೊನೆಯದು ಪಿಕ್ಸೆಲ್ ಲೆಕ್ಕ. ಹತ್ತು ಫ್ರೇಮು, ಒಂದೊಂದರಲ್ಲಿ 2.4 ಕೋಟಿ ಪಿಕ್ಸೆಲ್, ಒಟ್ಟು 24 ಕೋಟಿ ಎಂದು ಹೆಮ್ಮೆಪಡುವಂತಿಲ್ಲ. ಓವರ್‌ಲ್ಯಾಪ್ ತನ್ನ ಪಾಲು ತಿಂದಮೇಲೆ ಸಿಗುವುದು ಅಡ್ಡಕ್ಕೆ 29,000, ಎತ್ತರಕ್ಕೆ 6,000. ಅಂದರೆ ಹದಿನೇಳು ಕೋಟಿ ಚಿಲ್ಲರೆ. ಅಂಕುಡೊಂಕು ಅಂಚು ಕತ್ತರಿಸಿದರೆ ಇನ್ನೂ ಕಡಿಮೆ. ‘300 ಡಿಪಿಐ ಇಲ್ಲದೆ ಪ್ರಿಂಟ್ ಹಾಕಬಾರದು’ ಎಂದು ಅಂಗಡಿಯವರು ಹೇಳುವುದನ್ನು ಪಾಲಿಸಿದರೆ ಇದು ಎಂಟು ಅಡಿಗೆ ಮುಗಿಯುತ್ತದೆ. ಮೀಟರ್ ದೂರದಿಂದ ನೋಡುವ ಕಣ್ಣಿಗೆ ಇಂಚಿಗೆ 90ರ ಆಸುಪಾಸಿಗಿಂತ ಹೆಚ್ಚಿನ ವಿವರ ಬೇರೆಯಾಗಿ ತೋರುವುದಿಲ್ಲವಾದ್ದರಿಂದ ಲೆಕ್ಕದ ಪ್ರಕಾರ ಸುಮಾರು 27 ಅಡಿಗೂ ಎಳೆಯಬಹುದು. ನಾನಾದರೆ 150ಕ್ಕೆ ನಿಲ್ಲಿಸಿ 16 ಅಡಿ ಮಾಡಿಸುತ್ತೇನೆ. ಪನೋರಮಾ ನೋಡುವ ಜನ ಮೀಟರ್ ದೂರ ನಿಲ್ಲುವುದೇ ಇಲ್ಲ, ತಾವು ಬಸ್ ಇಳಿದ ಜಾಗ ಎಲ್ಲಿದೆ ಎಂದು ಗೋಡೆಗೆ ಮೂಗು ತಾಗಿಸಿ ಹುಡುಕುತ್ತಾರೆ.