ಕೊಯಿರದ ಕಲ್ಲು, ಕಾಲೇಜಿನ ಗೋಡೆ: ಮಡಿದ ಸೈನಿಕನ ಹೆಸರು ಎಲ್ಲಿರಬೇಕು?

ದೇವನಹಳ್ಳಿ ಅಂದ ತಕ್ಷಣ ನೆನಪಾಗೋದು ವಿಮಾನ ನಿಲ್ದಾಣ, ಟಿಪ್ಪು ಹುಟ್ಟಿದ ಊರು, ಚಕ್ಕೋತ ಹಣ್ಣು. ಇದರ ಜೊತೆಗೆ ಇನ್ನೊಂದನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನ ನೆಹರು ತಾರಾಲಯದ ಬಳಿ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆಯಲ್ಲ, ಅಲ್ಲಿಯ ಸುಮಾರು 75 ಅಡಿ ಎತ್ತರದ ಏಕಶಿಲಾ ವೀರಗಲ್ಲು ಇದೇ ತಾಲ್ಲೂಕಿನ ಕೊಯಿರದ ಬಂಡೆ.

ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಮಡಿದ ಎಲ್ಲ ಸೈನಿಕರ ನೆನಪಿಗೆ ಆ ಸ್ಮಾರಕ. ಇಂಥ ದೊಡ್ಡ ಸ್ಮಾರಕ ಇದ್ದ ಮೇಲೆ ಸೇನಾ ಕಾಲೇಜುಗಳು ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಅಂತ ಬೇರೆ ಸ್ಮಾರಕ ಇಟ್ಟುಕೊಳ್ಳೋದು ಯಾಕೆ? ಇವತ್ತು ಅದನ್ನೇ ನೋಡೋಣ.

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದ್ರೆ ಎನ್‌ಡಿಎ ಇದೆ. ಅದರ ಆವರಣದಲ್ಲಿ ‘ಹಟ್ ಆಫ್ ರಿಮೆಂಬ್ರೆನ್ಸ್’ ಎಂಬ ಸ್ಮಾರಕವಿದೆ. ಹಟ್ ಅಂದ್ರೆ ಗುಡಿಸಲು. ಹೆಸರೇ ಹೇಳುವಂತೆ ಆಡಂಬರವಿಲ್ಲ. ಅಕಾಡೆಮಿಯ ಆರಂಭದ ವರ್ಷಗಳಲ್ಲಿ ಕೆಡೆಟ್‌ಗಳೇ ಶ್ರಮದಾನ ಮಾಡಿ ಕಟ್ಟಿದ್ದು. ಇಲ್ಲಿ ಕಲಿತು, ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರುಗಳು ಒಳಗಿವೆ. ನಿರ್ಗಮನ ಪಥಸಂಚಲನಕ್ಕೆ ಬರುವ ಗಣ್ಯರು ಇಲ್ಲಿ ಹೂಗುಚ್ಛ ಇಟ್ಟು ಗೌರವ ಸಲ್ಲಿಸುತ್ತಾರೆ.

ಎನ್‌ಡಿಎಯಲ್ಲಿ ಕಲಿತು ಮೊದಲು ಪರಮವೀರ ಚಕ್ರ ಪಡೆದವರು ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ. ಪಂಜಾಬಿನ ಹುಡುಗ. ಆದರೆ 1946ರಲ್ಲಿ ಸೇರಿದ್ದು ನಮ್ಮ ಬೆಂಗಳೂರಿನ ಕಿಂಗ್ ಜಾರ್ಜ್ ಸೈನಿಕ ಶಾಲೆಗೆ, ಇವತ್ತಿನ ರಾಷ್ಟ್ರೀಯ ಮಿಲಿಟರಿ ಶಾಲೆ. ಮರುವರ್ಷ ಜಲಂಧರ್‌ಗೆ ಹೋದರು. 1961ರ ಡಿಸೆಂಬರ್ 5ರಂದು ಕಾಂಗೋದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದಾಗ, ಹದಿನಾರು ಗೂರ್ಖಾ ಯೋಧರೊಂದಿಗೆ ಸುಮಾರು 90 ಜನರ ಪಡೆಯ ಮೇಲೆ ನುಗ್ಗಿದರು. ಕುತ್ತಿಗೆಗೆ ಗುಂಡು ತಗುಲಿದರೂ ಕಾದಾಡಿ ಮಡಿದರು. ಆಗ ವಯಸ್ಸು 26.

ನಮಗೆ ಇನ್ನೂ ಹತ್ತಿರದ ಹೆಸರು ಮೇಜರ್ ಸಂದೀಪ್ ಉನ್ನಿಕೃಷ್ಣನ್. ಬೆಂಗಳೂರಿನಲ್ಲಿ ಶಾಲೆ ಓದಿ 1995ರಲ್ಲಿ ಎನ್‌ಡಿಎ ಸೇರಿದವರು. 2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲಿನಲ್ಲಿ ಉಗ್ರರೊಂದಿಗೆ ಹೋರಾಡುತ್ತಾ ಹುತಾತ್ಮರಾದರು. ಯಲಹಂಕದ ಕಡೆ ಓಡಾಡುವವರಿಗೆ ಅವರ ಹೆಸರಿನ ರಸ್ತೆ ಗೊತ್ತೇ ಇರುತ್ತೆ.

ಈಗ ವ್ಯತ್ಯಾಸ ನೋಡಿ. ದೊಡ್ಡ ಸ್ಮಾರಕದಲ್ಲಿ ಸಾವಿರಾರು ಹೆಸರು. ನಾವು ತಲೆಬಾಗುತ್ತೇವೆ, ಮುಂದೆ ಹೋಗುತ್ತೇವೆ. ಕಾಲೇಜಿನ ಸ್ಮಾರಕದ ಮುಂದೆ ನಿಲ್ಲುವ ಹದಿನೆಂಟರ ಹುಡುಗನಿಗೆ ಆ ಹೆಸರಿನವರು ಇದೇ ಮೆಸ್ಸಿನಲ್ಲಿ ಉಂಡವರು, ಇದೇ ಮೈದಾನದಲ್ಲಿ ಓಡಿದವರು. ತಾನು ಆರಿಸಿಕೊಂಡ ಕೆಲಸದ ಬೆಲೆ ಎಷ್ಟಾಗಬಹುದು ಅಂತ ಮುಚ್ಚುಮರೆ ಇಲ್ಲದೆ ಅಲ್ಲಿ ಬರೆದಿದೆ. ಮುಂದೆ ತನ್ನ ಹೆಸರೂ ಅಲ್ಲಿ ಸೇರಬಹುದು ಅನ್ನೋದು ಅವನಿಗೆ ಗೊತ್ತು.

ನಮ್ಮ ಹಳೆಯ ವೀರಗಲ್ಲಿನ ಲೆಕ್ಕವೂ ಇದೇ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುದಿಯಲ್ಲಿ ಸೂರ್ಯ ಚಂದ್ರರು, ಅಂದ್ರೆ ಅವರಿರುವ ತನಕ ಈ ಹೆಸರು ಇರಲಿ ಅಂತ. ಅದನ್ನು ನಿಲ್ಲಿಸುತ್ತಿದ್ದದ್ದು ಹೆಚ್ಚಾಗಿ ಸತ್ತವನ ಊರಲ್ಲೇ, ನೀರಿಗೆ ಹೋಗುವವರು, ದನ ಹೊಡೆಯುವವರು ನೋಡುವ ಕಡೆ.

ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇದಕ್ಕೊಂದು ಉದಾಹರಣೆ ಸಿಗುತ್ತೆ. ಹೆಬ್ಬಾಳದಲ್ಲಿ 2018ರಲ್ಲಿ ಪತ್ತೆಯಾದ ಕಿತ್ತಯ್ಯನ ಶಾಸನ ಸುಮಾರು ಕ್ರಿ.ಶ. 750ರದ್ದು. ಗಂಗರ ಶ್ರೀಪುರುಷನ ಕಾಲದಲ್ಲಿ ತನ್ನ ನಾಡಿನ ಮೇಲೆ ದಾಳಿಯಾದಾಗ ಕಾದಿ ಸತ್ತವನು ಕಿತ್ತಯ್ಯ. ಕಲ್ಲು ಇಷ್ಟು ಕಾಲ ಉಳಿಯಿತು, ಆದರೆ ಆ ಹೆಸರು ಓದಿ ಹೇಳುವವರು ಬರೋ ತನಕ ಊರಿಗೇ ಕಿತ್ತಯ್ಯ ಯಾರೆಂದು ಗೊತ್ತಿರಲಿಲ್ಲ.

ಕೊಯಿರದಂಥ ಕಡೆ ಕಲ್ಲಿಗೆ ಬರವಿಲ್ಲ. ಓದುವವರು ಬೇಕು. ನಿಮ್ಮ ಊರಿನ ಶಾಲೆಯಲ್ಲಿ ಓದಿ ಸೇನೆ ಸೇರಿ ಮಡಿದವರು ಇದ್ದಾರಾ? ಶಾಲೆಯ ಗೋಡೆಯ ಮೇಲೆ ಅವರ ಹೆಸರಿದೆಯಾ? ಒಮ್ಮೆ ವಿಚಾರಿಸಿ ನೋಡಿ.