ಸಾಮಾನ್ಯರ ಚರಿತ್ರೆಯೂ ಅದರ ಆಧಾರಗಳೂ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ವರ್ಣನೆ, ಮಂತ್ರಿಗಳ ರಾಜನೀತಿ ಎಂಬ ಭಾವನೆ ಬಹುಕಾಲ ಬೇರೂರಿತ್ತು. ಬಟ್ಟೆ ನೇದವರೂ ಪಾದರಕ್ಷೆ ಹೊಲಿದವರೂ ಅದರಲ್ಲಿ ಕಾಣಿಸಿಕೊಂಡರೆ ತೆರಿಗೆ ತೆತ್ತವರಾಗಿಯೋ ದಂಗೆಯೆದ್ದವರಾಗಿಯೋ ಮಾತ್ರ ಕಾಣಿಸುತ್ತಿದ್ದರು. ಅವರೂ ಆಲೋಚಿಸಿದರು, ಸಂಘ ಕಟ್ಟಿದರು, ಸೋತು ಮತ್ತೆ ಎದ್ದರು ಎಂಬುದನ್ನು ಆಧಾರಸಹಿತವಾಗಿ ನಿರೂಪಿಸುವುದು ಸಾಮಾಜಿಕ ಇತಿಹಾಸದ ಕಾರ್ಯ. ಇದು ಎಷ್ಟು ಕಠಿನವೆಂಬುದನ್ನು ತಿಳಿಯಬಯಸುವವರಿಗೆ ಇ. ಪಿ. ಥಾಂಪ್ಸನ್ ಅವರ ‘ದಿ ಮೇಕಿಂಗ್ ಆಫ್ ದಿ ಇಂಗ್ಲಿಷ್ ವರ್ಕಿಂಗ್ ಕ್ಲಾಸ್’ ಉತ್ತಮ ನಿದರ್ಶನವಾಗಿದೆ.

ಥಾಂಪ್ಸನ್ ಅವರ (1924–1993) ತಂದೆ ಎಡ್ವರ್ಡ್ ಜಾನ್ ಥಾಂಪ್ಸನ್ ಬಂಗಾಳದ ಬಾಂಕುರಾದಲ್ಲಿ ಮೆಥಾಡಿಸ್ಟ್ ಪಾದ್ರಿಯಾಗಿಯೂ ಅಧ್ಯಾಪಕರಾಗಿಯೂ ಇದ್ದು, ರವೀಂದ್ರನಾಥ ಠಾಕೂರರನ್ನು ಕುರಿತು ಬರೆದವರು. ಮಗನು 1948ರಿಂದ ಲೀಡ್ಸ್ ವಿಶ್ವವಿದ್ಯಾಲಯದ ಪರವಾಗಿ ಯಾರ್ಕ್‌ಷೈರಿನ ಊರುಗಳಲ್ಲಿ ವಯಸ್ಕರಿಗೆ ಪಾಠ ಹೇಳಿದರು. 1956ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ತೊರೆದರು. 1963ರಲ್ಲಿ ಹೊರಬಂದ ಈ ಗ್ರಂಥ 800ಕ್ಕೂ ಹೆಚ್ಚು ಪುಟಗಳದು.

ಗ್ರಂಥದ ಪ್ರತಿಪಾದನೆ ಅದರ ಹೆಸರಿನಲ್ಲಿಯೇ ಅಡಗಿದೆ. ಕಾರ್ಖಾನೆಗಳು ಹುಟ್ಟಿದ ಮಾತ್ರಕ್ಕೆ ಶ್ರಮಿಕವರ್ಗವು ತಾನಾಗಿಯೇ ಹುಟ್ಟಲಿಲ್ಲ. 1780ರ ದಶಕದಿಂದ 1832ರವರೆಗಿನ ಅನುಭವದಲ್ಲಿ ಜನರೇ ತಮ್ಮನ್ನು ಒಂದು ವರ್ಗವಾಗಿ ರೂಪಿಸಿಕೊಂಡರು. ವರ್ಗವೆಂಬುದು ಎಣಿಸಿ ತೋರಿಸಬಹುದಾದ ವಸ್ತುವಲ್ಲ, ಮನುಷ್ಯರ ನಡುವೆ ಕಾಲಕ್ರಮದಲ್ಲಿ ಏರ್ಪಡುವ ಸಂಬಂಧ ಎಂಬುದು ಇದರ ತಾತ್ಪರ್ಯ.

ಗ್ರಂಥವು ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಯಿಂದ ಆರಂಭವಾಗುತ್ತದೆ. 1792ರ ಜನವರಿಯಲ್ಲಿ ಪಾದರಕ್ಷೆ ತಯಾರಿಸುವ ಥಾಮಸ್ ಹಾರ್ಡಿಯೊಡನೆ ಕೆಲವೇ ಜನರು ಕೂಡಿ ಅದನ್ನು ಸ್ಥಾಪಿಸಿದರು. ವಾರಕ್ಕೆ ಒಂದು ಪೆನ್ನಿ ಚಂದಾ. ಸದಸ್ಯರ ಸಂಖ್ಯೆಗೆ ಮಿತಿಯಿಲ್ಲ. ಈ ಎರಡನೆಯ ನಿಯಮವೇ ಕ್ರಾಂತಿಕಾರಕವಾದುದು. ಏಕೆಂದರೆ ರಾಜಕಾರಣವು ಆಸ್ತಿವಂತರ ಹಕ್ಕೆಂಬ ನಂಬಿಕೆಯನ್ನು ಅದು ಸದ್ದಿಲ್ಲದೆ ಅಲ್ಲಗಳೆಯಿತು. 1794ರಲ್ಲಿ ಹಾರ್ಡಿಯ ಮೇಲೆ ರಾಜದ್ರೋಹದ ಆರೋಪ ಬಂದಿತು. ಪಂಚರು ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದರು. ಆದರೂ 1799ರಲ್ಲಿ ಸಂಘವನ್ನು ಕಾಯಿದೆಯಿಂದಲೇ ನಿಷೇಧಿಸಲಾಯಿತು.

ಲುಡ್ಡೈಟರನ್ನು ಕುರಿತ ಭಾಗ ಇನ್ನೂ ಮುಖ್ಯವಾದುದು. 1811ರಿಂದ ಯಂತ್ರಗಳನ್ನು ಒಡೆದ ಇವರನ್ನು ಪ್ರಗತಿವಿರೋಧಿಗಳೆಂದು ಜರೆಯುವುದು ವಾಡಿಕೆಯಾಗಿತ್ತು. ನಾಟಿಂಗ್‌ಹ್ಯಾಮಿನ ಕಾಲುಚೀಲ ನೇಯುವವರು ಒಡೆದ ಚೌಕಟ್ಟುಗಳು ಹೊಸ ಯಂತ್ರಗಳೇ ಅಲ್ಲವೆಂದೂ, ಕೂಲಿ ಇಳಿಸಿ ಕಳಪೆ ಸರಕು ಮಾಡಿಸುತ್ತಿದ್ದ ಧಣಿಗಳ ವಿರುದ್ಧ ಅವರ ಕೋಪವಿತ್ತೆಂದೂ ಥಾಂಪ್ಸನ್ ತೋರಿಸುತ್ತಾರೆ. ಕೆಲಸಗಾರರ ಸಂಘಟನೆಯನ್ನು 1799 ಮತ್ತು 1800ರ ಕಾಯಿದೆಗಳು ನಿಷೇಧಿಸಿದ್ದವು. ಹಳೆಯ ರಕ್ಷಣೆಗಳಿಗಾಗಿ ಸಲ್ಲಿಸಿದ ಮನವಿಗಳು ಫಲಿಸಲಿಲ್ಲ. ನ್ಯಾಯದ ಬಾಗಿಲು ಮುಚ್ಚಿದಾಗ ಸುತ್ತಿಗೆ ಮೇಲೆದ್ದಿತು. 1812ರಲ್ಲಿ ಸರ್ಕಾರವು ಚೌಕಟ್ಟು ಒಡೆಯುವುದಕ್ಕೆ ಮರಣದಂಡನೆಯನ್ನು ವಿಧಿಸಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದುದು ಆಧಾರಗಳ ಪ್ರಶ್ನೆ. ಗುಪ್ತವಾಗಿ ಆಣೆಯಿಟ್ಟು ಕೂಡಿದವರು ತಮ್ಮ ದಾಖಲೆಗಳನ್ನು ಬಿಟ್ಟುಹೋಗುವುದು ಅಪರೂಪ. ಅವರ ಬಗ್ಗೆ ಬರೆದಿಟ್ಟವರು ಸರ್ಕಾರದ ಗೂಢಚಾರರು. ಹಣಕ್ಕಾಗಿ ಬರೆದ ಗೂಢಚಾರನು ಸುದ್ದಿಯನ್ನು ಹಿಗ್ಗಿಸುತ್ತಾನೆ. ಹಾಗೆಂದು ಎಲ್ಲವನ್ನೂ ಕಟ್ಟುಕತೆಯೆಂದು ತಳ್ಳಿಬಿಟ್ಟರೆ ಆ ಜನರ ಸುಳಿವೇ ಅಳಿಸಿಹೋಗುತ್ತದೆ. ಥಾಂಪ್ಸನ್ ವರದಿಗಳನ್ನು ಪರಸ್ಪರ ತಾಳೆ ನೋಡಿ, ಕರಪತ್ರ, ಲಾವಣಿ, ಬೆದರಿಕೆಯ ಓಲೆಗಳೊಡನೆ ಹೋಲಿಸಿ ನಿರ್ಣಯಿಸುತ್ತಾರೆ. ದೋಷಯುಕ್ತವಾದ ಓಲೆಗರಿಯ ಪ್ರತಿಯನ್ನೂ ಎಸೆಯದೆ, ಲಿಪಿಕಾರನ ಅಭ್ಯಾಸವನ್ನರಿತು ಪಾಠಾಂತರಗಳಿಂದ ಶುದ್ಧಪಾಠವನ್ನು ಹುಡುಕುವ ಸಂಪಾದಕನ ಕ್ರಮಕ್ಕೆ ಇದು ಸಮೀಪವಾಗಿದೆ.

ಧರ್ಮವನ್ನು ಕುರಿತ ಅಧ್ಯಾಯದಲ್ಲಿ ಲೇಖಕರು ನಿಷ್ಠುರರಾಗಿದ್ದಾರೆ. ಮೆಥಾಡಿಸ್ಟ್ ಪಂಥವು ಕಾರ್ಖಾನೆಯ ಶಿಸ್ತಿಗೆ ಮನಸ್ಸುಗಳನ್ನು ಪಳಗಿಸಿತು, ರಾಜಕೀಯ ಆಸೆ ಕುಸಿದಾಗ ನಿರಾಶರಿಗೆ ಆಶ್ರಯವಾಯಿತು ಎಂಬುದು ಅವರ ಮತ. ಸಭೆ ನಡೆಸುವುದನ್ನೂ ಚಂದಾ ಕೂಡಿಸುವುದನ್ನೂ ಅದೇ ಪ್ರಾರ್ಥನಾಮಂದಿರಗಳು ಕಲಿಸಿದವೆಂಬುದನ್ನು ಅವರು ಮರೆಮಾಚುವುದಿಲ್ಲ. ಆದರೂ ತೀರ್ಪು ಏಕಪಕ್ಷೀಯವೆಂದು ಹಲವು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಶ್ರದ್ಧೆಯು ದುಃಖದಿಂದ ಮಾತ್ರ ಹುಟ್ಟುತ್ತದೆಂಬ ವಿವರಣೆ ಭಕ್ತನ ಅಂತರಂಗವನ್ನು ಪೂರ್ತಿಯಾಗಿ ಮುಟ್ಟಲಾರದೆಂದು ನಮಗೂ ತೋರುತ್ತದೆ. ಗ್ರಂಥದಲ್ಲಿ ಸ್ತ್ರೀಯರ ಶ್ರಮಕ್ಕೆ ತಕ್ಕ ಸ್ಥಾನ ದೊರೆತಿಲ್ಲವೆಂದು ಜೋನ್ ಸ್ಕಾಟ್ ಮಾಡಿದ ವಿಮರ್ಶೆಯೂ ವಿಚಾರಾರ್ಹವಾದುದು.

ಈ ಬಗೆಯ ಅಧ್ಯಯನ ಭಾರತದಲ್ಲಿಯೂ ಬೆಳೆದಿದೆ. 1982ರಿಂದ ‘ಸಬಾಲ್ಟರ್ನ್ ಸ್ಟಡೀಸ್’ ಸಂಪುಟಗಳನ್ನು ಆರಂಭಿಸಿದ ರಣಜಿತ್ ಗುಹಾ, 1983ರ ತಮ್ಮ ಗ್ರಂಥದಲ್ಲಿ, ರೈತದಂಗೆಗಳನ್ನು ಅಡಗಿಸಿದವರ ಕಡತಗಳಿಂದಲೇ ದಂಗೆಯೆದ್ದವರ ಮನಸ್ಸನ್ನು ಓದಲು ಯತ್ನಿಸಿದರು.

ಇಂಥ ಗ್ರಂಥವನ್ನು ಕೈಗೆತ್ತಿಕೊಂಡ ವಾಚಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಈ ಮಾತಿಗೆ ಆಧಾರವೇನು? ಆ ಆಧಾರವನ್ನು ಬರೆದಿಟ್ಟವರು ಯಾರು, ಯಾವ ಉದ್ದೇಶದಿಂದ? ಅದರಲ್ಲಿ ಯಾರ ದನಿ ಕೇಳಿಸುತ್ತಿಲ್ಲ? ಲೇಖಕರ ಸಿದ್ಧಾಂತವನ್ನು ಒಪ್ಪಬಹುದು, ಬಿಡಬಹುದು. ಈ ಪ್ರಶ್ನೆಗಳನ್ನು ಬಿಟ್ಟು ಓದಿದರೆ ಮಾತ್ರ, ಸೋತವರು ಗೆದ್ದವರ ಲೇಖನಿಯಲ್ಲಿ ಎರಡನೆಯ ಸಲ ಸೋಲುತ್ತಾರೆ.