ಸುಲ್ತಾನಳ ಕನಸು, ಬಿಸಿಲಿನ ಒಲೆ

ಆರಂಭಕಾಲದ ಎಷ್ಟೋ ವಿಜ್ಞಾನ ಕಥೆಗಳಲ್ಲಿ ಯಂತ್ರ ಒಂದು ನೆಪ. ಏಟು ಬೀಳುವುದು ಸಮಾಜಕ್ಕೆ. 1895ರ ‘ಟೈಮ್ ಮೆಷಿನ್’ನಲ್ಲಿ ಎಚ್. ಜಿ. ವೆಲ್ಸ್ ದೂರದ ಭವಿಷ್ಯಕ್ಕೆ ಹಾರಿದ್ದು ಇಂಗ್ಲೆಂಡಿನ ಉಳ್ಳವರಿಗೂ ದುಡಿಯುವವರಿಗೂ ನಡುವೆ ಬಿದ್ದಿದ್ದ ಬಿರುಕನ್ನು ತೋರಿಸಲೆಂದೇ. ಹತ್ತು ವರ್ಷದ ಮೇಲೆ ಬಂಗಾಳದ ರೊಕೇಯಾ ಸಖಾವತ್ ಹುಸೇನ್ ಅದೇ ಅಸ್ತ್ರವನ್ನು ಪರದೆ ಪದ್ಧತಿಯ ಮೇಲೆ ಹೂಡಿದರು. ಅವರ ಕಥೆ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಕಥೆಯ ನಾಡಿನಲ್ಲಿ ಹೆಂಗಸರು ಆಳುತ್ತಾರೆ, ಗಂಡಸರು ಒಳಮನೆಯಲ್ಲಿ ಅಡುಗೆ ಮಾಡುತ್ತಾರೆ. ಗಂಡಸರ ಸೈನ್ಯ ಸೋತಾಗ ಎರಡು ಸಾವಿರ ವಿದ್ಯಾರ್ಥಿನಿಯರು ಬಿಸಿಲನ್ನು ಒಟ್ಟುಗೂಡಿಸಿ ಶತ್ರುವಿನ ಮೇಲೆ ಹಾಯಿಸಿ ಗೆದ್ದದ್ದೇ ಇದಕ್ಕೆ ಕಾರಣ. ಇನ್ನೊಂದು ಮಹಿಳಾ ವಿಶ್ವವಿದ್ಯಾಲಯ ಪೈಪು ಜೋಡಿಸಿದ ಬಲೂನಿನಿಂದ ಆಕಾಶದ ನೀರನ್ನು ಇಳಿಸಿಕೊಳ್ಳುತ್ತದೆ. ಒಲೆಗೂ ಬಿಸಿಲಿನ ಶಾಖವೇ, ಹೊಗೆಯ ಸುಳಿವಿಲ್ಲ. ತೆಂಗಿನ ಗರಿ, ಮಟ್ಟೆ, ಕರಟ ಉರಿಸಿ ಬೇಯಿಸಿದ ತುಮಕೂರು ಜಿಲ್ಲೆಯ ಅಮ್ಮಸಂದ್ರದ ಕಡೆಯ ಹೆಂಗಸರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. ಕನಸಿನಾಚೆಯ ಲೋಕದ ಕಚೇರಿ ಗಂಡಸರ ಬಗ್ಗೆ ಕಥೆ ಹಾಕುವ ಲೆಕ್ಕವಂತೂ ಚುರುಕಾಗಿದೆ: ಒಂದು ಚಿರೂಟಿಗೆ ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಚಿರೂಟು, ಏಳು ಗಂಟೆಯ ಕೆಲಸದಲ್ಲಿ ಆರು ಗಂಟೆ ಹೊಗೆಗೇ ಹೋಯಿತು. ಕನಸಿನ ನಾಡಿನ ಹೆಂಗಸರು ಎರಡೇ ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ.

ಈ ವಿಜ್ಞಾನ ಬರೀ ಗಾಳಿಗೋಪುರವಲ್ಲ. ವಿಲಿಯಂ ಆಡಮ್ಸ್ ಮುಂಬಯಿಯಲ್ಲಿ ಕನ್ನಡಿಗಳಿಂದ ಬಿಸಿಲನ್ನು ಕೇಂದ್ರೀಕರಿಸಿ ಉಗಿಯಂತ್ರ ಓಡಿಸಿ, 1878ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಇಂದು ಅದೇ ತುಮಕೂರು ಜಿಲ್ಲೆಯಲ್ಲೇ, ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿನ ಫಲಕಗಳು ಶಾಖವನ್ನು ಕೂಡಿಡುವುದಿಲ್ಲ, ಬೆಳಕನ್ನು ನೇರ ವಿದ್ಯುತ್ತಾಗಿಸುತ್ತವೆ.

ತೋಳ್ಬಲದ ಕೆಲಸವನ್ನೆಲ್ಲ ಬಿಸಿಲೂ ವಿದ್ಯುತ್ತೂ ಮಾಡಿದರೆ, ಹೆಂಗಸನ್ನು ಒಳಗಿಡಲು ಉಳಿಯುವ ಸಬೂಬು ಯಾವುದು? ಕಥೆಯಲ್ಲಿ ವಿಜ್ಞಾನಕ್ಕಿರುವ ಕೆಲಸ ಈ ಪ್ರಶ್ನೆ ಎತ್ತುವುದು. ಆ ನಾಡನ್ನಾಳುವ ರಾಣಿಯ ಅರಸೊತ್ತಿಗೆಯನ್ನು ಮಾತ್ರ ರೊಕೇಯಾ ಮುಟ್ಟಲಿಲ್ಲ; ಅದು ಕಥೆಯ ಮಿತಿ.

ಅದೇ ಕಾಲದ ಕನ್ನಡ ಹಿಡಿದದ್ದು ವಾಸ್ತವದ ದಾರಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವಾ ವಿವಾಹವನ್ನು ಸಾಮಾಜಿಕ ಕಾದಂಬರಿಯಾಗಿಯೇ ಹೇಳಿತು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ತಾವೇ ಪತ್ರಿಕೆ, ಪ್ರಕಾಶನ ನಡೆಸಿ ಹೆಂಗಸರ ಬದುಕನ್ನು ಬರೆದರು. ರಾಜಶೇಖರ ಭೂಸನೂರಮಠರಂಥವರ ಕೈಯಲ್ಲಿ ಕನ್ನಡದ ವಿಜ್ಞಾನ ಕಥೆ ಬೆಳೆದದ್ದು ದಶಕಗಳ ಅನಂತರ.